ತಂಗಿ ಬಿಟ್ಟುಕೊಟ್ಟ ಒಂದೆಕರೆ

ತಿ. ನರಸೀಪುರದ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು ನಲವತ್ತು ವರ್ಷ ಕುಳಿತು ಊರವರ ಪತ್ರ ಬರೆದ ಮಾದಯ್ಯನವರಿಗೆ ತಮ್ಮ ಸ್ವಂತ ವಿಲ್ಲನ್ನು ಇನ್ನೊಬ್ಬರ ಮೇಜಿನ ಮೇಲೆ ಬಿಚ್ಚಿಡುವುದು ಸುತರಾಂ ಇಷ್ಟವಿರಲಿಲ್ಲ. ಕ್ರಯ, ಭೋಗ್ಯ, ದಾನ, ವಿಭಾಗ ಅಂತ ಅವರು ಬರೆಯದ ಪತ್ರವಿಲ್ಲ. ಹಣೆಗೆ ಮೂರು ಬೆರಳ ವಿಭೂತಿ ಬಳಿದುಕೊಂಡು, ಇಳಿಜಾರು ಡೆಸ್ಕಿನ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತರೆಂದರೆ ಸಂಜೆಯವರೆಗೆ ಏಳುತ್ತಿರಲಿಲ್ಲ. ಅವರು ಬರೆದದ್ದನ್ನು ಕೋರ್ಟಿನಲ್ಲಿ ಅಲ್ಲಾಡಿಸುವುದು ಕಷ್ಟ ಎಂದು ವಕೀಲರೇ ಒಪ್ಪುತ್ತಿದ್ದರು. ಇನ್ನು ಮುದ್ರಾಂಕ ಶುಲ್ಕ ಉಳಿಸುವ ವಿಷಯಕ್ಕೆ ಬಂದರೆ ಮಾದಯ್ಯನವರ ತಲೆಯೇ ತಲೆ. ಮಗನಿಗೆ ಕ್ರಯ ಬರೆಸಲು ಬಂದವನನ್ನು ಕೂರಿಸಿ, ದಾನಪತ್ರ ಮಾಡಿಸಿ, ಉಳಿದ ದುಡ್ಡಲ್ಲಿ ಊಟ ಹಾಕಿಸಿಕೊಂಡು ಬಂದವರು ಅವರು.

ಕಂಪ್ಯೂಟರು ಬಂದ ಮೇಲೆ ಡೆಸ್ಕು ಅಟ್ಟ ಸೇರಿತು. ಈಗ ಅವರಿಗೆ ಎಪ್ಪತ್ತೆರಡು. ನರಸೀಪುರದಲ್ಲಿ ಒಂದು ಮನೆ, ನಂಜನಗೂಡಿನಲ್ಲಿ ಬಾಡಿಗೆಗೆ ಕೊಟ್ಟ ಇನ್ನೊಂದು ಮನೆ, ನಂಜನಗೂಡಿನ ರಸ್ತೆಗೆ ಅಂಟಿಕೊಂಡಂತೆ ಅಪ್ಪ ಬಿಟ್ಟುಹೋದ ಎರಡೆಕರೆ ಗದ್ದೆ. ಹೆಂಡತಿ ಪುಟ್ಟಬಸಮ್ಮ ಗಟ್ಟಿಮುಟ್ಟಾಗಿದ್ದಾರೆ. ಮಗ ಮದನ್ ನಂಜನಗೂಡಿನಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದಾನೆ. ಮಗಳು ಅರ್ಪಿತ ಮದುವೆಯಾಗಿ ಮೈಸೂರಿನಲ್ಲಿದ್ದಾಳೆ. ಹದಿಮೂರು ವರ್ಷದ ಹಿಂದೆ ಬರೆದಿಟ್ಟ ವಿಲ್ಲಿನಲ್ಲಿ ಜಮೀನು ಮದನ್‌ಗೆ, ನಂಜನಗೂಡಿನ ಮನೆ ಅರ್ಪಿತಳಿಗೆ, ಇರುವ ಮನೆ ಹೆಂಡತಿಗೆ ಎಂದು ಚೊಕ್ಕವಾಗಿ ಹಂಚಿದ್ದರು. ಆಮೇಲೆ ರಸ್ತೆ ಅಗಲವಾಯಿತು. ರಸ್ತೆ ಪಕ್ಕದ ಒಂದೆಕರೆಯನ್ನು ಮದನ್ ಓಡಾಡಿ ಕೃಷಿಯೇತರ ಬಳಕೆಗೆ ಕನ್ವರ್ಷನ್ ಮಾಡಿಸಿದ. ಕಲ್ಯಾಣ ಮಂಟಪ ಕಟ್ಟಿಸಬೇಕೆಂದಿದ್ದ ಮೈಸೂರಿನ ಪಾರ್ಟಿಯೊಂದು ಅದನ್ನು ಕೇಳಿಕೊಂಡು ಬಂತು. ಹೀಗಾಗಿ ವಿಲ್ಲು ಹಳತಾಯಿತು, ಮಾರಿದರೆ ತೆರಿಗೆ ಎಷ್ಟು ಬೀಳುತ್ತದೋ ನೋಡಬೇಕಾಯಿತು. ಅಪ್ಪ ಮಗ ಇಬ್ಬರೂ ನಂಜನಗೂಡಿನ ಆಡಿಟರ್ ರವಿಯ ಆಫೀಸಿಗೆ ಕಡತ ಹಿಡಿದುಕೊಂಡು ಹೋದರು.

ರವಿ ಚಿಕ್ಕ ವಯಸ್ಸಿನವನಾದರೂ ಕೆಲಸದಲ್ಲಿ ಗಟ್ಟಿಗ. ವಿಲ್ಲು ಓದಿದ, ಪಹಣಿ ನೋಡಿದ, ಲೆಕ್ಕ ಹಾಕಿದ.

"ಗದ್ದೆಯಾಗೇ ಇದ್ದಿದ್ದರೆ ಈ ತೆರಿಗೆ ತಾಪತ್ರಯ ಇರ್ತಿರಲಿಲ್ಲ ಸರ್. ಕನ್ವರ್ಷನ್ ಆಗಿದೆ, ಲಾಭದ ಮೇಲೆ ಕಟ್ಟಲೇಬೇಕು" ಎಂದ.

"ಇವಳ ಹೆಸರಿಗೆ ಹಾಕಿದ್ರೆ?" ಎಂದರು ಮಾದಯ್ಯನವರು. ಇವಳು ಎಂದರೆ ಪುಟ್ಟಬಸಮ್ಮ.

"ಹೆಂಡತಿಗೆ ಕೊಟ್ಟರೆ ತೆರಿಗೆ ತಿರುಗಿ ನಿಮ್ಮ ತಲೆಗೇ ಬರುತ್ತೆ. ಸ್ವಂತ ಮನೆ ಇಲ್ಲದವರು ಜಮೀನು ಮಾರಿದ ದುಡ್ಡಲ್ಲಿ ಮನೆ ತಗೊಂಡರೆ ತೆರಿಗೆ ಉಳಿಯುತ್ತೆ. ಆದರೆ ನಿಮಗೆ ಎರಡು ಮನೆ ಇದೆ, ಮದನ್‌ಗೂ ಎರಡಿದೆ. ನಿಮ್ಮಿಬ್ಬರಿಗೂ ಅದು ಸಿಗಲ್ಲ."

ಹೇಳುತ್ತ ಹೇಳುತ್ತ ಅವನು ಕಡತದ ತಳದಲ್ಲಿದ್ದ ಹಳೆಯ ಪತ್ರವೊಂದನ್ನು ಎತ್ತಿಕೊಂಡ. ಎರಡು ಸಾವಿರದ ಆರನೇ ಇಸವಿಯದು, ಮಾದಯ್ಯನವರದೇ ದುಂಡು ಅಕ್ಷರ.

"ಈ ಖುಲಾಸೆ ಪತ್ರದಲ್ಲಿ ಮಲ್ಲಾಜಮ್ಮ ಅಂತಿದೆಯಲ್ಲ, ಯಾರು ಸರ್?"

"ನನ್ನ ತಂಗಿ. ಕಳಲೆಗೆ ಕೊಟ್ಟಿದೆ. ಅಪ್ಪನ ಆಸ್ತಿಲಿ ಅವಳ ಪಾಲು ನನಗೆ ಬಿಟ್ಟುಕೊಟ್ಟಿದ್ದಾಳೆ."

"ಅವರಿಗೆ ಸ್ವಂತ ಮನೆ ಇದೆಯಾ?"

"ಇಲ್ಲ" ಎಂದರು. ತಂಗಿಗೆ ಮನೆಯಿಲ್ಲವೆಂಬುದು ಅವರಿಗೆ ಹೊಸ ಸುದ್ದಿಯೇನಲ್ಲ. ಆದರೆ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಮದನ್ ಮಾತ್ರ ಕುರ್ಚಿಯ ತುದಿಗೆ ಬಂದ. "ಅಪ್ಪಾ, ಅತ್ತೆ! ಅವರ ಹೆಸರಿಗೆ ದಾನಪತ್ರ ಮಾಡಿಬಿಡೋಣ. ಒಡಹುಟ್ಟಿದವರಿಗಾದ್ರೆ ಸ್ಟಾಂಪ್ ಡ್ಯೂಟಿನೂ ಕಮ್ಮಿ. ಅತ್ತೆ ಮಾರಲಿ, ಆ ದುಡ್ಡಲ್ಲಿ ಅವರ ಹೆಸರಲ್ಲೇ ನಂಜನಗೂಡಲ್ಲಿ ಒಂದು ಒಳ್ಳೆ ಮನೆ ತಗೊಳ್ಳೋಣ. ಪೂರಾ ತೆರಿಗೆ ಉಳಿಯುತ್ತೆ. ಅದೇ ದಿನ ನನ್ನ ಹೆಸರಿಗೆ ಒಂದು ಅಧಿಕಾರಪತ್ರ, ಅದೇ ಜಿಪಿಎ, ಬರೆಸಿಕೊಂಡ್ರೆ ಮಾರೋದು, ಕೊಳ್ಳೋದು ಎಲ್ಲಾ ನಾನೇ ನೋಡ್ಕೋತೀನಿ. ಆಮೇಲೆ ಅತ್ತೆ ಒಂದು ವಿಲ್ಲು ಬರೆದ್ರೆ ಮನೆ ನಮಗೇ ಬರುತ್ತೆ. ಅವರಿಗೆ ಇನ್ಯಾರಿದ್ದಾರೆ?"

ರವಿ ಪೆನ್ನು ಕೆಳಗಿಟ್ಟ. "ಕಾಗದದ ಮೇಲೆ ತಪ್ಪಿಲ್ಲ. ಆದರೆ ಅವರು ನಿಜವಾಗಲೂ ಯಜಮಾನರಾಗಿರಬೇಕು. ಬರೀ ಸೈನ್ ಹಾಕೋಕೆ ಇಟ್ಟುಕೊಂಡ್ರೆ ಅದು ಬೇರೆ ಕಥೆ ಆಗುತ್ತೆ. ಯೋಚನೆ ಮಾಡಿ."

ಮದನ್ ಯೋಚನೆ ಮಾಡುವ ಗಿರಾಕಿಯಲ್ಲ. ಮಾದಯ್ಯನವರು ಯೋಚನೆ ಮಾಡಿದರು, ಆದರೆ ಬೇರೆಯದನ್ನೇ. ಕನ್ವರ್ಷನ್ ಆದದ್ದು ಒಂದೆಕರೆ, ತಂಗಿಗೆ ಬರಬೇಕಾಗಿದ್ದದ್ದೂ ಒಂದೆಕರೆ. ಮಗನ ತೆರಿಗೆ ಉಳಿಸುವ ನೆಪದಲ್ಲಿ ಅವಳದು ಅವಳ ಹೆಸರಿಗೆ ಹೋಗಿಬಿಡುತ್ತದೆ, ತಾವು ಬಾಯಿ ಬಿಡುವ ಕಷ್ಟವೇ ಇಲ್ಲ. ಜಿಪಿಎ ವಿಷಯ ಆಮೇಲೆ ನೋಡಿಕೊಂಡರಾಯಿತು. ಹೀಗೆ ಲೆಕ್ಕ ಹಾಕಿ "ಆಗಲಿ" ಎಂದುಬಿಟ್ಟರು. ಜಿಪಿಎ ಎಂದರೆ ಏನೆಂದು ಗೊತ್ತಿಲ್ಲದವರು ಹೀಗೆಂದಿದ್ದರೆ ಒಂದು ಮಾತು. ಸಾವಿರ ಜಿಪಿಎ ಬರೆದ ಮನುಷ್ಯ, ಕೊಟ್ಟ ಕೈಯಿಂದಲೇ ಕಿತ್ತುಕೊಳ್ಳುವ ಪತ್ರ ಅದೆಂದು ಚೆನ್ನಾಗಿ ಬಲ್ಲವರು.

ಎರಡು ಸಾವಿರದ ಆರರ ಸಂಗತಿ ಹೇಳದಿದ್ದರೆ ಈ ಮನುಷ್ಯನ ಸಂಕಟ ಅರ್ಥವಾಗುವುದಿಲ್ಲ.

ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಎಂಬ ಕಾನೂನು ಬಂದು ಆಗ ಸ್ವಲ್ಪ ದಿನವಾಗಿತ್ತು. ತಾಲ್ಲೂಕಿನ ಅಣ್ಣತಮ್ಮಂದಿರಿಗೆಲ್ಲ ಇದ್ದಕ್ಕಿದ್ದಂತೆ ಅಕ್ಕತಂಗಿಯರ ಮೇಲೆ ಎಲ್ಲಿಲ್ಲದ ಅಕ್ಕರೆ ಬಂತು. ಗಂಡನ ಮನೆಗೆ ಆಟೋ ಕಳಿಸಿ ಕರೆಸಿಕೊಳ್ಳುವುದು, ಒಂದು ಹೊಸ ಸೀರೆ ಉಡಿಸುವುದು, ಹೋಟೆಲಿನಲ್ಲಿ ಊಟ ಹಾಕಿಸುವುದು, ಮಧ್ಯಾಹ್ನ ಕಚೇರಿ ಮತ್ತೆ ತೆರೆಯುವ ಹೊತ್ತಿಗೆ ಖುಲಾಸೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವುದು. ಆ ಎರಡು ವರ್ಷ ಮಾದಯ್ಯನವರ ಡೆಸ್ಕಿನ ಮುಂದೆ ಹೊಸ ಸೀರೆಯ ಗಂಜಿ ವಾಸನೆ ಹೋಗಲೇ ಇಲ್ಲ. ಅವರು ತಮಾಷೆಗೆ ಅದನ್ನು ತಂಗಿಯರ ಸೀಸನ್ ಎನ್ನುತ್ತಿದ್ದರು. ಸಂಪಾದನೆಯೂ ಚೆನ್ನಾಗಿತ್ತು. ನಂಜನಗೂಡಿನ ಮನೆಯ ತಾರಸಿ ಹಾಕಿದ್ದು ಆಗಲೇ.

ಮದನ್‌ನ ಅಂಗಡಿಗೆ ಬ್ಯಾಂಕಿನ ಸಾಲ ಬೇಕಾದಾಗ ಬ್ಯಾಂಕಿನವರು ಗದ್ದೆಯ ಪತ್ರ ಕೇಳಿದರು. ಅಪ್ಪ ತೀರಿಕೊಂಡ ಮೇಲೆ ಅದು ಅಣ್ಣ ತಂಗಿ ಇಬ್ಬರಿಗೂ ಸೇರಿದ್ದು. ಮಾದಯ್ಯನವರೂ ಸೀರೆ ತಂದು ಕಳಲೆಗೆ ಆಟೋ ಕಳಿಸಿದರು. ಮಲ್ಲಾಜಮ್ಮನಿಗೆ ಆಗ ನಲವತ್ತೇಳು. ಗಂಡ ಹೋಗಿ ಐದು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಬಂದವಳು ಅಣ್ಣನ ಡೆಸ್ಕಿನ ಪಕ್ಕ ಕುಳಿತು, ಸುತ್ತ ಯಾರಾದರೂ ಕೇಳಿಸಿಕೊಂಡಾರೆಂದು ದನಿ ತಗ್ಗಿಸಿ ಒಂದೇ ಒಂದು ಮಾತು ಕೇಳಿದ್ದಳು.

"ಅಣ್ಣ, ಅಪ್ಪುನ್ ಗದ್ದೆಲಿ ನನ್ಗೂ ಒಂದೆಕ್ರೆ ಬತ್ತದಂತಲ್ಲ, ದಿಟ್ವಾ?"

ಅವಳು ಏನೂ ಕೇಳದೆ ಸೈನ್ ಹಾಕಿದ್ದರೆ ಅಣ್ಣನ ಪಾಪ ಅರ್ಧವಾಗುತ್ತಿತ್ತು. ಅವಳು ಕೇಳಿದಳು. ಬೇರೆ ಅಣ್ಣಂದಿರು ಅದೇ ಡೆಸ್ಕಿನ ಮುಂದೆ ಹೇಳುತ್ತಿದ್ದ ಮಾತು ಮಾದಯ್ಯನವರ ಬಾಯಿಗೆ ಸಿದ್ಧವಾಗಿಯೇ ಬಂತು.

"ಬರುತ್ತೆ ಕಣಮ್ಮಿ. ಆದ್ರೆ ನಿನ್ನ ಹೆಸರಿಗೆ ಪಹಣಿ ಬಂದ ದಿನವೇ ರೇಷನ್ ಕಾರ್ಡು ರದ್ದು. ಪಿಂಚಣಿನೂ ನಿಲ್ಲಿಸ್ತಾರೆ. ಮೇಲೆ ಸರ್ಕಾರಕ್ಕೆ ತೆರಿಗೆ ಕಟ್ಟು ಅಂತಾರೆ. ನೀನು ಎಲ್ಲಿಂದ ತರ್ತೀಯ?"

ಒಂದೆಕರೆಗೆ ಯಾರ ಕಾರ್ಡೂ ರದ್ದಾಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಮಲ್ಲಾಜಮ್ಮ ಗಾಬರಿಬಿದ್ದು "ಅಯ್ಯೋ, ಅಂಗಾರೆ ನಂಗ್ ಬ್ಯಾಡಪ್ಪ" ಎಂದು ತಾನಾಗಿಯೇ ಪೆನ್ನು ಕೇಳಿದಳು. ವಯಸ್ಕರ ಶಿಕ್ಷಣದಲ್ಲಿ ಕಲಿತ ನಾಲ್ಕಕ್ಷರವನ್ನು ಒಂದೊಂದಾಗಿ ಕೂಡಿಸಿ ಸೈನ್ ಹಾಕಿದಳು. ಹೋಗುವಾಗ ಅಣ್ಣನ ಕಾಲಿಗೂ ಬಿದ್ದಳು.

ಮಾದಯ್ಯನವರು ಕೆಟ್ಟವರಲ್ಲ ಎಂದು ಬೇಕಾದರೆ ಹೇಳಬಹುದು. ದೀಪಾವಳಿಗೆ ಸೀರೆ ತಪ್ಪಿಸಿದವರಲ್ಲ, ಕಾಯಿಲೆ ಬಿದ್ದಾಗ ಮೈಸೂರಿಗೆ ಕರೆದುಕೊಂಡು ಹೋಗಿದ್ದಾರೆ. ಆದರೆ ಕೊಟ್ಟ ಒಂದೊಂದು ಸೀರೆಯ ಜೊತೆಗೂ ಆ ಮಾತು ನೆನಪಾಗಿ ಅವರು ಅವಳ ಮುಖ ನೋಡದೆ ಕೊಟ್ಟಿದ್ದಾರೆ. ವಿಲ್ಲಿನಲ್ಲೂ ಅಷ್ಟೆ. ಹತ್ತಿರದವರನ್ನು ಬಿಟ್ಟಿದ್ದರೆ ಯಾಕೆ ಬಿಟ್ಟೆವೆಂದು ಒಂದು ಸಾಲು ಬರೆಯಬೇಕು ಎಂದು ಗಿರಾಕಿಗಳಿಗೆ ಪಾಠ ಹೇಳುತ್ತಿದ್ದವರು, ತಮ್ಮ ವಿಲ್ಲಿನಲ್ಲಿ ತಂಗಿಯ ಹೆಸರನ್ನೇ ಎತ್ತಿರಲಿಲ್ಲ. ಏನೆಂದು ಬರೆಯುವುದು?

ಆಡಿಟರ್ ಆಫೀಸಿಗೆ ಹೋಗಿ ಬಂದ ವಾರದಲ್ಲೇ ಮದನ್ ಅಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಕಳಲೆಗೆ ಹೊರಟ. ಮಲ್ಲಾಜಮ್ಮ ಇರುವುದು ಮೈದುನನ ಮನೆಯ ಹಿಂದೆ, ದನದ ಕೊಟ್ಟಿಗೆಗೆ ಒತ್ತಿಕೊಂಡಿರುವ ಒಂದು ಶೀಟಿನ ಕೋಣೆಯಲ್ಲಿ. ಅಣ್ಣ ಬಂದದ್ದು ಕಂಡು ಅವಳಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೆಲ್ಲದ ಕಾಫಿ ಕಾಸಿದಳು, ಡಬ್ಬಿಯಲ್ಲಿದ್ದ ಪುರಿಗೆ ಈರುಳ್ಳಿ ಹೆಚ್ಚಿ ಹಾಕಿಕೊಟ್ಟಳು. ಮದನ್ ವಿಷಯ ಹೇಳಿದ. ಜಮೀನು ನಿಮ್ಮ ಹೆಸರಿಗೆ ಮಾಡ್ತೀವಿ, ಆಮೇಲೆ ನಿಮ್ಮ ಹೆಸರಲ್ಲೇ ಮನೆ ತಗೋತೀವಿ ಎಂದ. ಹೇಳಿ ಮುಗಿಸುವುದಕ್ಕೂ ಬಿಡದೆ ಮಲ್ಲಾಜಮ್ಮ ಎರಡೂ ಕೈ ಆಡಿಸಿದಳು.

"ನನ್ ಎಸ್ರಿಗೆ ಬ್ಯಾಡ ಮಗ. ಕಾರ್ಡು ಓಗ್ಬುಡ್ತದೆ."

ಮದನ್ ನಕ್ಕ. "ಅದೆಲ್ಲಾ ಯಾರು ಹೇಳಿದ್ದು ಅತ್ತೆ ನಿಮಗೆ?"

"ನಿಮ್ಮಪ್ಪನೇ ಯೋಳಿದ್ದು ಕಣಪ್ಪ. ಪತ್ರುದ್ ಇಸ್ಯ ಅಣ್ಣಂಗ್ ಗೊತ್ತಿಲ್ದೆ ಇನ್ಯಾರ್ಗ್ ಗೊತ್ತು? ಅವತ್ತಿಂದ ನಾನು ಯಾವ್ ಕಾಗ್ದುಕ್ಕೂ ನನ್ ಎಸ್ರು ಸೇರ್ಸಕ್ ಬುಟ್ಟಿಲ್ಲ."

ಅವಳು ಅದನ್ನು ಹೆಮ್ಮೆಯಿಂದ ಹೇಳಿದಳು. ಅಣ್ಣ ಹೇಳಿಕೊಟ್ಟ ಬುದ್ಧಿಯನ್ನು ಹತ್ತೊಂಬತ್ತು ವರ್ಷ ಬಿಡದೆ ಪಾಲಿಸಿಕೊಂಡು ಬಂದಿದ್ದೇನೆ ಎಂಬ ಹೆಮ್ಮೆ. ಮದನ್ ಅಪ್ಪನ ಕಡೆ ತಿರುಗಿ ಹುಬ್ಬೇರಿಸಿದ. ಕಾಫಿ ಲೋಟ ಮಾದಯ್ಯನವರ ಬಾಯಿಯ ಹತ್ತಿರವೇ ನಿಂತಿತ್ತು. ಸತ್ಯ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿರಲಿಲ್ಲ.

"ಆಗ ರೂಲ್ಸು ಹಾಗಿತ್ತು" ಎಂದರು ಮಾದಯ್ಯನವರು. "ಈಗ ಬದಲಾಗಿದೆ. ಈಗ ಕಾರ್ಡು ಹೋಗಲ್ಲ."

"ಅಣ್ಣ ಅಂದ್ಮೇಲೆ ಆಯ್ತು ಬುಡು. ಯಾವತ್ತು ಬರ್ಬೇಕು ಯೋಳಿ, ಬತ್ತೀನಿ" ಎಂದಳು ಮಲ್ಲಾಜಮ್ಮ.

ಇದು ಎರಡನೆಯ ಸುಳ್ಳು. ಮೊದಲನೆಯದನ್ನಾದರೂ ಮಗನ ಅಂಗಡಿಗಾಗಿ ಹೇಳಿದೆ ಎಂದು ಮನಸ್ಸಿಗೆ ಸಮಾಧಾನ ಮಾಡಿಕೊಳ್ಳಬಹುದಿತ್ತು. ಇದನ್ನು ಹೇಳಿದ್ದು ಮಗನ ಎದುರು ಮರ್ಯಾದೆ ಉಳಿಸಿಕೊಳ್ಳುವುದಕ್ಕೆ, ಅಷ್ಟೇ. ವಾಪಸ್ಸು ಬರುವಾಗ ಮದನ್ ದಾರಿಯುದ್ದಕ್ಕೂ ಮನೆಯ ವಿಷಯವೇ ಮಾತಾಡಿದ. ಕೆಳಗೆ ಗೋಡೌನು, ಮೇಲೆ ಬಾಡಿಗೆ ಎಂದ. ಅತ್ತೆ ಎಲ್ಲಿರುತ್ತಾಳೆ ಎಂದು ಮಾದಯ್ಯನವರು ಕೇಳಿದರು. "ಅವರಿಗೆ ಕಳಲೆನೇ ಅಭ್ಯಾಸ ಅಲ್ವಾ ಅಪ್ಪ? ತಿಂಗಳಿಗೆ ಏನಾದರೂ ಕಳಿಸೋಣ" ಎಂದ ಮದನ್. ಅವನ ದನಿಯಲ್ಲಿ ಕೆಟ್ಟತನವೇನೂ ಇರಲಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ತಮ್ಮ ದನಿಯಲ್ಲೂ ಇರಲಿಲ್ಲ ಎಂದುಕೊಂಡು ಮಾದಯ್ಯನವರು ಕಿಟಕಿಯ ಕಡೆ ಮುಖ ತಿರುಗಿಸಿದರು.

ದಾನಪತ್ರವನ್ನು ಅವರೇ ಬರೆದರು, ಬೇರೆಯವರಿಗೆ ಬಿಡಲಿಲ್ಲ. ಕೈಯಲ್ಲಿ ಬರೆದು ಆಮೇಲೆ ಟೈಪು ಮಾಡಿಸುವುದು ಅವರ ಪದ್ಧತಿ. ಚೆಕ್ಕುಬಂದಿ, ಸರ್ವೆ ನಂಬರು ಎಲ್ಲ ನೀರು ಕುಡಿದಷ್ಟು ಸಲೀಸಾಗಿ ಬಂತು. ದಾನ ಯಾಕೆ ಕೊಡುತ್ತಿದ್ದೇನೆ ಎಂದು ಬರೆಯಬೇಕಾದ ಜಾಗದಲ್ಲಿ ಪೆನ್ನು ನಿಂತಿತು. ಅಲ್ಲಿ ಬರೆಯುವ ಮಾತು ಒಂದೇ. 'ನಿಮ್ಮ ಮೇಲೆ ನನಗಿರುವ ಪ್ರೀತಿ ವಿಶ್ವಾಸಗಳಿಂದ'. ಅವಳದನ್ನೇ ಅವಳಿಗೆ ಕೊಡುವಾಗ ಪ್ರೀತಿ ವಿಶ್ವಾಸ ಎಲ್ಲಿಂದ ಬಂತು? ಹಿಂದೆ ಸುಳ್ಳು ಹೇಳಿ ಬರೆಸಿಕೊಂಡದ್ದನ್ನು ಹಿಂತಿರುಗಿಸುತ್ತಿದ್ದೇನೆ ಎಂದು ಬರೆಯೋಣವೆಂದರೆ ಅಂಥ ಪತ್ರಕ್ಕೆ ಹೆಸರೇ ಇಲ್ಲ, ಕಮ್ಮಿ ಶುಲ್ಕವೂ ಇಲ್ಲ. ಪುಟ್ಟಬಸಮ್ಮ ಬಂದು ಊಟಕ್ಕೆ ಕರೆದರು.

"ಮಲ್ಲಾಜಿಗೆ ಅವತ್ತು ಮೋಸ ಮಾಡ್ದೆ ಕಣೆ" ಎಂದರು ಮಾದಯ್ಯನವರು, ತಲೆ ಎತ್ತದೆ.

"ಗೊತ್ತು" ಎಂದರು ಪುಟ್ಟಬಸಮ್ಮ. "ನನ್ನತ್ರ ಹೇಳಿ ಏನ್ ಬಂತು? ಅವಳತ್ರ ಹೇಳಿ."

ನೋಂದಣಿಯ ದಿನ ಮಲ್ಲಾಜಮ್ಮ ಮೊದಲ ಬಸ್ಸಿಗೇ ನರಸೀಪುರಕ್ಕೆ ಬಂದಿದ್ದಳು. ಕೈಯಲ್ಲಿ ಒಂದು ಬಟ್ಟೆ ಚೀಲ, ಅದರಲ್ಲಿ ಆಧಾರ್ ಕಾರ್ಡು, ಎರಡು ಫೋಟೊ, ಅಣ್ಣನ ಮನೆಗೆಂದು ಮೈದುನನ ಹೊಲದ ಅವರೆಕಾಯಿ. ಕಚೇರಿಯೊಳಗೆ ಕಂಪ್ಯೂಟರಿನ ಮುಂದೆ ಫೋಟೊ ತೆಗೆದರು, ಬೆರಳು ಒತ್ತಿಸಿಕೊಂಡರು. ಸಾಕ್ಷಿಗೆ ಬಂದವರು ನಾಗಯ್ಯ, ಮಾದಯ್ಯನವರ ಪಕ್ಕದಲ್ಲೇ ಮೂವತ್ತು ವರ್ಷ ಪತ್ರ ಬರೆದವರು. ಅವರು ಹೊರಗೆ ಬಂದವರೇ ನಾಲ್ಕು ಜನಕ್ಕೆ ಕೇಳುವಂತೆ ಶುರು ಮಾಡಿದರು.

"ತಂಗಿಗೆ ರೋಡ್ ಸೈಡ್ ಎಕ್ರೆ ಬರ್ಕೊಡೋ ಅಣ್ಣ ಈ ತಾಲ್ಲೂಕಲ್ಲೇ ಇಲ್ಲ ಕಣ್ರೀ. ಬರುಸ್ಕಳವ್ರನ್ನ ನೋಡಿದ್ದೀವಿ, ಕೊಡವ್ರನ್ನ ಇವತ್ತೇ ನೋಡಿದ್ದು!"

ನಿಂತವರು ತಲೆಯಾಡಿಸಿದರು. ಯಾರೋ ಒಬ್ಬ ಹುಡುಗಿ ಮಾದಯ್ಯನವರಿಗೆ ಕೈ ಕೂಡ ಮುಗಿದಳು. ಮಲ್ಲಾಜಮ್ಮನ ಕಣ್ಣು ತುಂಬಿತ್ತು. ಮಾದಯ್ಯನವರಿಗೆ ಅಲ್ಲಿಂದ ಓಡಿಹೋಗಬೇಕೆನಿಸಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದರು, ಈ ಹೊಗಳಿಕೆ ತಡೆಯಲಾಗಲಿಲ್ಲ.

ಮದನ್ ಅಪ್ಪ, ಅತ್ತೆ ಇಬ್ಬರನ್ನೂ ಎದುರಿನ ಟೈಪಿಂಗ್ ಅಂಗಡಿಯ ಬೆಂಚಿನ ಮೇಲೆ ಕೂರಿಸಿ ಜಿಪಿಎ ತೆಗೆದ. ಮಧ್ಯಾಹ್ನದ ಸರದಿಗೆ ಅದೂ ನೋಂದಣಿಯಾಗಬೇಕಿತ್ತು.

"ಅತ್ತೆ, ಪ್ರತಿ ಹಾಳೆ ಕೆಳಗೂ ಒಂದು ಸೈನು."

"ಇದೇನ್ ಮಗ?"

"ಏನಿಲ್ಲ, ಇದೇ ಕೆಲಸದ ಮಿಕ್ಕಿದ ಭಾಗ."

ಮಲ್ಲಾಜಮ್ಮ ಚೀಲವನ್ನು ಪಕ್ಕಕ್ಕಿಟ್ಟು ಪೆನ್ನು ತೆಗೆದುಕೊಂಡಳು. ಅಣ್ಣನ ಕಡೆ ನೋಡಿದಳು, ಹಾಕಲಾ ಎಂದು ಕೇಳುವಂತೆ. ಹತ್ತೊಂಬತ್ತು ವರ್ಷದ ಹಿಂದೆಯೂ ಹೀಗೇ ನೋಡಿದ್ದಳು. ಮಾದಯ್ಯನವರು ಇಷ್ಟು ದಿನ ಆಮೇಲೆ ನೋಡಿಕೊಳ್ಳೋಣ ಎಂದು ಮುಂದಕ್ಕೆ ತಳ್ಳಿದ ಆ 'ಆಮೇಲೆ' ಈಗ ಬೆಂಚಿನ ಮೇಲೆ ಬಂದು ಕುಳಿತಿತ್ತು. ಅವರು ಕೈ ಚಾಚಿ ತಂಗಿಯ ಕೈಯಲ್ಲಿದ್ದ ಪೆನ್ನು ಹಿಡಿದುಕೊಂಡರು.

"ಹಾಕಬೇಡ."

"ಅಪ್ಪಾ!" ಎಂದ ಮದನ್.

"ಸುಮ್ಮನಿರು. ಮಲ್ಲಾಜಿ, ಇದಕ್ಕೆ ಸೈನ್ ಹಾಕಿದ್ರೆ ಜಮೀನು ಮಾರೋ ಹಕ್ಕು ಇವನಿಗೆ ಹೋಗುತ್ತೆ. ದುಡ್ಡೂ ಇವನ ಕೈಗೇ. ನಿನ್ನ ಹೆಸರಲ್ಲಿ ಮನೆ ತಗೋತಾರೆ, ಆದ್ರೆ ನಿನ್ನನ್ನ ಅಲ್ಲಿಗೆ ಕರ್ಕೊಂಡು ಹೋಗಲ್ಲ. ತೆರಿಗೆ ಉಳಿಸೋಕೆ ನಿನ್ನ ಹೆಸರು ಬೇಕು, ಅಷ್ಟೇ. ನಾನೂ ಒಪ್ಪಿಕೊಂಡಿದ್ದೆ." ಅವರು ಪೆನ್ನಿಗೆ ಮುಚ್ಚಳ ಹಾಕಿದರು. "ಈ ಎಕರೆ ನಾನು ದಾನ ಕೊಟ್ಟಿದ್ದಲ್ಲ. ಅಪ್ಪ ನಿನಗೆ ಬಿಟ್ಟಿದ್ದು. ಅವತ್ತು ಕಾರ್ಡು ಹೋಗುತ್ತೆ ಅಂದ್ನಲ್ಲ, ಅದು ಸುಳ್ಳು. ಆಗ ರೂಲ್ಸು ಹಾಗಿತ್ತು ಅಂತ ಮೊನ್ನೆ ಕಳಲೆಲಿ ಹೇಳಿದ್ನಲ್ಲ, ಅದೂ ಸುಳ್ಳು."

ಮದನ್ ಅಪ್ಪನ ಮುಖವನ್ನೇ ನೋಡುತ್ತ ನಿಂತ. ಮಲ್ಲಾಜಮ್ಮ ನಿಧಾನವಾಗಿ, ಲೆಕ್ಕ ಒಪ್ಪಿಸುವವಳ ಹಾಗೆ ಕೇಳಿದಳು.

"ಒಂದೆಕ್ರೆ ಇದ್ರೆ ಕಾರ್ಡು ಓಗಲ್ವಾ?"

"ಹೋಗಲ್ಲ."

"ಅರ್ದೆಕ್ರೆ ಇದ್ರೆ?"

"ಅದಕ್ಕೂ ಹೋಗಲ್ಲ."

"ಆಗ್ಲೂ ಓಯ್ತಿರ್ನಿಲ್ವಾ?"

"ಆಗಲೂ ಇಲ್ಲ ಕಣಮ್ಮಿ." ಅರ್ಧ ಎಕರೆ ಎಲ್ಲಿಂದ ಬಂತೆಂದು ಮಾದಯ್ಯನವರಿಗೆ ತಿಳಿಯಲಿಲ್ಲ.

ಮಲ್ಲಾಜಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ನಮ್ಮತ್ತೆ ಸಾಯೋ ಮುಂಚೆ ಲೆಕ್ಕಿಗ್ರನ್ನ ಮನೆಗೇ ಕರ್ಸಿದ್ರು. ನಾಲೆ ಪಕ್ಕುದ್ ಅರ್ದೆಕ್ರೆ ಗದ್ದೆ, ಮುಂದ್ಗಡೆ ಎರಡು ಕ್ವಾಣೆ, ಮಲ್ಲಾಜಿ ಎಸ್ರಿಗ್ ಬರೀರಪ್ಪ, ಮಕ್ಳಿಲ್ದವ್ಳು, ನಾಳೆ ದಿನ ಯಾರೂ ಎಬ್ಬುಸ್ಬಾರ್ದು ಅಂದ್ರು. ನಾನು ಕೈ ಮುಗ್ದು ಬ್ಯಾಡ ಅಂದ್ಬುಟ್ಟೆ. ಕಾರ್ಡು ಓಯ್ತದೆ, ಪಿಂಚಣಿ ನಿಲ್ತದೆ, ಮೈದ್ನುನ್ ಎಸ್ರಿಗೇ ಬರೀರಿ ಅಂದೆ. ಅತ್ತೆ ಎರಡು ದಿನ ಬೋದ್ರು. ನಮ್ಮಣ್ಣ ಪತ್ರ ಬರೆಯವ್ನು, ಅವ್ನ್ಗಿಂತ ನಿಮ್ಗ್ ಗೊತ್ತಾ ಅಂದೆ ಕಣಣ್ಣ."

ಮಾದಯ್ಯನವರು ಪೆನ್ನನ್ನು ಬೆಂಚಿನ ಮೇಲಿಟ್ಟರು. ಒಂದೆಕರೆಯ ಪಾಪವನ್ನು ಹೊತ್ತುಕೊಂಡು ತಿರುಗಿದವರು ಅವರು, ಅದರ ಉದ್ದಗಲ ತಮಗೆ ಗೊತ್ತಿದೆ ಎಂದುಕೊಂಡಿದ್ದರು. ಅದು ತಮ್ಮ ಬೆನ್ನ ಹಿಂದೆ ಕಳಲೆಯಲ್ಲೂ ಬೇರು ಬಿಟ್ಟಿದೆ ಎಂದು ಗೊತ್ತೇ ಇರಲಿಲ್ಲ.

"ನಾನು ನಿನ್ನ ಮೈದುನನತ್ರ ಮಾತಾಡ್ತೀನಿ" ಎಂದರು. "ಬೇಕಾದ್ರೆ ಕೇಸು ಹಾಕೋಣ."

"ಅವ್ರ್ ಮ್ಯಾಲ್ ಯಾಕ್ ಕೇಸು? ಅವ್ರೇನ್ ಕದ್ರಾ? ನಾನೇ ಬ್ಯಾಡ ಅಂದಿದ್ದು. ಆ ಗದ್ದೆಗೇ ನಾಟಿ ಕೂಲಿಗೆ ಓಯ್ತೀನಿ, ದಿವ್ಸುದ್ ಕೂಲಿ ಸರ್ಯಾಗ್ ಕೊಡ್ತಾರೆ." ಅವಳು ಅಣ್ಣನ ಕಡೆ ತಿರುಗಿದಳು. ಕಣ್ಣಲ್ಲಿ ನೀರಿರಲಿಲ್ಲ. "ಅಪ್ಪುನ್ ಎಕ್ರೆ ನೀನು ಕೇಳಿದ್ರೆ ನಾನು ಸುಮ್ನೇ ಕೊಡ್ತಿದ್ದೆ. ಎದ್ರುಸಿ ಯಾಕ್ ಇಸ್ಕಂಡೆ?"

ಕೊಡುತ್ತಿದ್ದಳು, ಅದು ಮಾದಯ್ಯನವರಿಗೆ ಆಗಲೂ ಗೊತ್ತಿತ್ತು. ಕೇಳಿ ಪಡೆದರೆ ಜೀವನವಿಡೀ ತಂಗಿಯ ಋಣದಲ್ಲಿರಬೇಕಾಗುತ್ತದೆ ಎಂದು ಕೇಳಿರಲಿಲ್ಲ. ಬೆಂಚಿನ ಮೇಲೆ ಕುಳಿತು ಅವರು ಎಲ್ಲರ ಎದುರೇ ಅತ್ತರು. ಮದನ್ ಜಿಪಿಎ ಹಾಳೆಗಳನ್ನು ಮಡಿಸಿ ಹಿಂದಕ್ಕೆ ತೆಗೆದುಕೊಳ್ಳಲು ಹೋದ. ಮಲ್ಲಾಜಮ್ಮ ಅವನ ಕೈ ತಡೆದಳು.

"ಇರ್ಲಿ ಮಗ, ಇದ್ನೂ ಕೊಡು. ದಾನ್ಪತ್ರ, ಇದು, ಎರಡೂ ನನ್ ಚೀಲಕ್ ಆಕು. ನಿನ್ಗೇನು ಬೇಕೋ ಅದ್ರಲ್ಲೂ ನ್ಯಾಯ ಇದ್ರೆ ಕೊಡಾನ."

"ಅತ್ತೆ, ಅದರಲ್ಲಿ ಏನಿದೆ ಅಂತ ಅಪ್ಪನೇ ಈಗ ಪೂರಾ ಓದಿ ಹೇಳ್ತಾರೆ" ಎಂದ ಮದನ್, ಸೋತ ದನಿಯಲ್ಲಿ.

ಮಾದಯ್ಯನವರು ಕಣ್ಣೊರೆಸಿಕೊಂಡು ಕನ್ನಡಕ ಹಾಕಿಕೊಂಡರು, ಹಾಳೆಗಾಗಿ ಕೈ ಚಾಚಿದರು. ಮಲ್ಲಾಜಮ್ಮ ಹಾಳೆಗಳನ್ನು ಕೊಡಲಿಲ್ಲ. ಅವರೆಕಾಯಿಯನ್ನು ತೆಗೆದು ಅಣ್ಣನ ಮಡಿಲಿಗೆ ಹಾಕಿ, ಹಗುರಾದ ಚೀಲದೊಳಗೆ ಎರಡೂ ಪತ್ರಗಳನ್ನು ಜೋಪಾನವಾಗಿ ಇಟ್ಟುಕೊಂಡು ಎದ್ದು ನಿಂತಳು.

"ಬ್ಯಾಡ ಮಗ" ಎಂದಳು. "ನಮ್ಮೂರ್ ಸ್ಕೂಲ್ ಮೇಷ್ಟ್ರ ಅತ್ರ ಓದುಸ್ಕತೀನಿ. ಅಣ್ಣ ಓದೋದ್ ಬ್ಯಾಡ."

ಕಳಲೆಗೆ ಹೋಗಲು ನಂಜನಗೂಡಿನ ಬಸ್ಸು ಹಿಡಿಯಬೇಕಿತ್ತು. ಅವಳು ರಸ್ತೆ ದಾಟಿ ಬಸ್‌ಸ್ಟ್ಯಾಂಡಿನ ಕಡೆ ನಡೆದಳು, ಯಾರೂ ತಡೆಯಲಿಲ್ಲ. ನಲವತ್ತು ವರ್ಷದಲ್ಲಿ ಓದುಬರಹವಿಲ್ಲದ ಒಬ್ಬರೂ ಮಾದಯ್ಯನವರಿಗೆ ಹಾಗೆ ಹೇಳಿರಲಿಲ್ಲ.